ತಂತು ಮಿಡಿದದ್ದು ಎಲ್ಲಿ?

ಬನಶಂಕರಿಯ ಓದುಗರೊಬ್ಬರು ಬರೆದಿದ್ದಾರೆ: ‘ವೀಣೆಯ ತಂತಿ ಮಿಡಿಯಲು ಆಚೀಚೆ ಜಾಗ ಬೇಕು. ದೇಶಕಾಲವೇ ತಂತುಗಳಿಂದ ಹುಟ್ಟಿತು ಅನ್ನುವುದಾದರೆ ಆ ತಂತುಗಳು ಮಿಡಿದದ್ದು ಎಲ್ಲಿ?’

ಮಾನ್ಯರೆ, ತಕರಾರು ನ್ಯಾಯವಾದದ್ದೇ. ಕಣಗಳೆಲ್ಲ ಮಿಡಿಯುವ ಸೂಕ್ಷ್ಮ ತಂತುಗಳೇ ಎನ್ನುವ ತಂತು ಸಿದ್ಧಾಂತವನ್ನು (ಸ್ಟ್ರಿಂಗ್ ಥಿಯರಿ) ಕಲಿಸುವಾಗ ಮೊದಲು ಜಾಗ ಹಾಸಿಕೊಂಡೇ ಲೆಕ್ಕಕ್ಕೆ ಕೂರುತ್ತಾರೆ. ಆದರೆ ಲೆಕ್ಕ ಮುಗಿಯುವಷ್ಟರಲ್ಲಿ ಆ ಚಾಪೆಯ ಅಳತೆಯೇ ಅನುಮಾನವಾಗುತ್ತದೆ.

ಒಂದು ದಿಕ್ಕು ಉಂಗುರದಂತೆ ಸುತ್ತಿಕೊಂಡಿದೆ ಎನ್ನಿ. ತಂತುವಿನ ಸಹಜ ಉದ್ದವನ್ನು 1 ಎಂದಿಟ್ಟುಕೊಂಡರೆ ಉಂಗುರದ ತ್ರಿಜ್ಯ 5. ಉಂಗುರದಲ್ಲಿ ಓಡುವ ತಂತುವಿನ ಶಕ್ತಿ 1/5, 2/5, 3/5 ಎಂದು ಏರುತ್ತದೆ. ಉಂಗುರಕ್ಕೆ ಸುತ್ತು ಹಾಕಿಕೊಂಡ ತಂತುವಿನದು 5, 10, 15. ಈಗ ತ್ರಿಜ್ಯವನ್ನು 1/5 ಮಾಡಿ. ಓಟದ ಶಕ್ತಿ 5, 10, 15. ಸುತ್ತಿನದು 1/5, 2/5, 3/5. ಸಾಲುಗಳು ಅದಲುಬದಲಾದವು, ಒಟ್ಟು ಪಟ್ಟಿ ಅದೇ. ಗಾಂಧಿ ಬಜಾರಿನಲ್ಲೂ ಮೊಳ ಹಾಕುವ ಕೈ ಬದಲಾದರೆ ಮಲ್ಲಿಗೆಯ ಅಳತೆ ಬದಲಾಗುತ್ತದೆ, ಆ ಜಗಳ ಬೇರೆ. ಅಲ್ಲಿ ಮಾಲೆಗೆ ಒಂದು ಉದ್ದವಂತೂ ಉಂಟು. ಇಲ್ಲಿ ‘ನಿಜವಾದ ತ್ರಿಜ್ಯ’ ಎಂಬುದೇ ಇಲ್ಲ.

1996ರಲ್ಲಿ ಬ್ಯಾಂಕ್ಸ್, ಫಿಶ್ಲರ್, ಶೆಂಕರ್, ಸಸ್ಕಿಂಡ್ ಎಂಬ ನಾಲ್ವರು ಭೌತವಿಜ್ಞಾನಿಗಳು ಚಾಪೆಯನ್ನೇ ಸುತ್ತಿಟ್ಟರು. ಅವರ ಮಾದರಿಯಲ್ಲಿರುವುದು ಸಂಖ್ಯೆಗಳನ್ನು ಚೌಕವಾಗಿ ಜೋಡಿಸಿದ 9 ಮ್ಯಾಟ್ರಿಕ್ಸ್‌ಗಳು, ಜೊತೆಗೆ ಅವುಗಳ ಫರ್ಮಿಯಾನ್ (ಎಲೆಕ್ಟ್ರಾನ್ ಜಾತಿಯ ಕಣ) ಜೋಡಿಗಳು. ಚೌಕದ ಕರ್ಣದ ಮೇಲಿನ ಸಂಖ್ಯೆಗಳು ಕಣಗಳ ಸ್ಥಾನ. ಉಳಿದವು ಕಣದಿಂದ ಕಣಕ್ಕೆ ಎಳೆದ ತಂತುಗಳು. ಕಣಗಳು ದೂರವಿದ್ದಾಗ ಈ ತಂತುಗಳು ಭಾರವಾಗಿ, ತೆಪ್ಪಗಿರುತ್ತವೆ. ಆಗ ‘ಇಲ್ಲಿ’, ‘ಅಲ್ಲಿ’ ಎನ್ನಬಹುದು. ಹತ್ತಿರ ಬಂದರೆ ತಂತುಗಳು ಎದ್ದು ಕುಣಿಯುತ್ತವೆ. ಆಗ ಮ್ಯಾಟ್ರಿಕ್ಸ್‌ಗಳನ್ನು ಹಿಂದುಮುಂದಾಗಿ ಗುಣಿಸಿದರೆ ಉತ್ತರವೇ ಬೇರೆ. ‘ಎಲ್ಲಿ’ ಎಂದು ಕೇಳಲು ಒಂದು ತಾಣ ಉಳಿದಿರುವುದಿಲ್ಲ. ನಿಮ್ಮ ಪ್ರಶ್ನೆಗೆ ನನಗೆ ಒಪ್ಪಿಗೆಯಾಗುವ ಉತ್ತರ ಇದು.

ಆ ಫರ್ಮಿಯಾನ್‌ಗಳನ್ನು ಕೈಬಿಟ್ಟರೆ ಎಡವಟ್ಟು. ಎಳೆದ ತಂತುಗಳ ಶೂನ್ಯಬಿಂದು ಶಕ್ತಿ (ತೆಪ್ಪಗಿದ್ದರೂ ಉಳಿಯುವ ಕನಿಷ್ಠ ಮಿಡಿತದ ಶಕ್ತಿ) ದೂರದೊಂದಿಗೆ ಏರುತ್ತ ಕಣಗಳನ್ನೆಲ್ಲ ಒಂದೆಡೆಗೆ ಜಗ್ಗುತ್ತದೆ, ‘ದೂರ’ ಎಂಬುದು ಹುಟ್ಟುವುದೇ ಇಲ್ಲ. ಫರ್ಮಿಯಾನ್‌ಗಳ ಪಾಲು ಅಷ್ಟೇ ಋಣವಾಗಿ ಬಂದು ಅದನ್ನು ವಜಾ ಮಾಡುತ್ತದೆ.

ಭೌತವಿಜ್ಞಾನಿ ಮಾಲ್ಡಸೀನಾ 1997ರಲ್ಲಿ ಮುಂದಿಟ್ಟ ಊಹೆಯಲ್ಲಿ ಒಂದು ಇಡೀ ದಿಕ್ಕು ಮತ್ತು ಗುರುತ್ವ ವಿಶ್ವದ ಅಂಚಿನಲ್ಲಿರುವ ಕ್ವಾಂಟಂ ಸಿದ್ಧಾಂತದಿಂದಲೇ ಮೂಡುತ್ತವೆ. ಆದರೆ ಅದು ಋಣ ವಕ್ರತೆಯ, ಅಂದರೆ ಕುದುರೆಯ ಜೀನಿನಂತೆ ಬಾಗಿದ ವಿಶ್ವಕ್ಕೆ. ನಮ್ಮದು ಅಂಥದ್ದಲ್ಲ, ವೇಗ ಹೆಚ್ಚಿಸಿಕೊಳ್ಳುತ್ತ ಹಿಗ್ಗುತ್ತಿದೆ ಎಂಬುದು 1998ರಲ್ಲೇ ತಿಳಿಯಿತು.

ಕಾಲದ ವಿಷಯದಲ್ಲಿ ಮಾತ್ರ ನಿಮ್ಮ ತಕರಾರಿಗೆ ತಲೆಬಾಗುತ್ತೇನೆ. ಆ 9 ಮ್ಯಾಟ್ರಿಕ್ಸ್‌ಗಳು ಬದಲಾಗುವುದು ಮಾಮೂಲಿ ಗಡಿಯಾರದ ಕಾಲದಲ್ಲಿ, ಅದನ್ನು ಸಮೀಕರಣದೊಳಗೆ ಕೈಯಾರೆ ತಂದಿಟ್ಟಿದ್ದಾರೆ.

-ಸಂ.