ಮೊರ ಕುಣಿದ ವರ್ಷ

ಪ್ರಶ್ನೆ: ಪ್ರತಿ ಡಿಸೆಂಬರ್‌ನಲ್ಲಿ ನೀವು ವರ್ಷದ ಒಳ್ಳೆಯ ಪಾಪ್ ಮತ್ತು ಡಾನ್ಸ್ ಆಲ್ಬಮ್‌ಗಳ ಪಟ್ಟಿ ಕೊಡುತ್ತೀರಿ. 2020ರಲ್ಲಿ ದುವಾ ಲಿಪಾ ಅವರ ‘ಫ್ಯೂಚರ್ ನಾಸ್ಟಾಲ್ಜಿಯಾ’ಕ್ಕೆ ಮೊದಲ ಸ್ಥಾನ ಕೊಟ್ಟಿದ್ದಿರಿ. ಅದೇ ಪಟ್ಟಿಯನ್ನು ಇವತ್ತು ಮಾಡಿದರೆ ಏನಾದರೂ ಬದಲಾಗುತ್ತಾ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಬದಲಾಗುತ್ತದೆ. ಮೊದಲ ಸ್ಥಾನವೇ ಬದಲಾಗುತ್ತದೆ.

ಆ ವರ್ಷ ನಾನು ಹಾಡು ಕೇಳಿದ ರೀತಿಯೇ ಬೇರೆ. ಹುಬ್ಬಳ್ಳಿಯಲ್ಲಿ ಮದುವೆಗಳಿಗೆ ಸೌಂಡ್ ಹಾಕುವುದು ನನ್ನ ಕೆಲಸ. ಏಪ್ರಿಲ್, ಮೇ ಅಂದರೆ ನಮಗೆ ಸುಗ್ಗಿ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ತೆಗೆದುಕೊಂಡ ಅಡ್ವಾನ್ಸ್ ಎಲ್ಲ ವಾಪಸ್ ಕೊಟ್ಟೆ. ಆಮೇಲೆ ಮದುವೆಗೆ 50 ಜನ ಸೇರಬಹುದು ಅಂತ ಆಯಿತು. ಅಷ್ಟು ಸಣ್ಣ ಮದುವೆಗೆ ಡಿಜೆ ಯಾರೂ ಕರೆಸಲಿಲ್ಲ. ಗೋಡೌನ್ ಬಾಡಿಗೆ ಉಳಿಯಲಿ ಅಂತ ಎರಡು 15 ಇಂಚಿನ ಸ್ಪೀಕರ್‌ಗಳನ್ನು ಮನೆಗೆ ತಂದು ಪಡಸಾಲೆಯಲ್ಲಿ ಇಟ್ಟೆ. ಸಾವಿರ ಜನರ ಮಂಟಪಕ್ಕೆ ಸಾಕಾಗುವ ಸ್ಪೀಕರ್‌ನಲ್ಲಿ, ಪಕ್ಕದ ಮನೆಗೆ ಕೇಳಿಸದಷ್ಟು ಸಣ್ಣ ಸದ್ದಿನಲ್ಲಿ, ಆ ವರ್ಷದ ಅಷ್ಟೂ ಆಲ್ಬಮ್ ಕೇಳಿದೆ. ಅವ್ವ ಅಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದಳು.

‘ಫ್ಯೂಚರ್ ನಾಸ್ಟಾಲ್ಜಿಯಾ’ ಬಂದದ್ದು ಮಾರ್ಚ್ 27ಕ್ಕೆ, ನಮ್ಮಲ್ಲಿ ಲಾಕ್‌ಡೌನಿನ ಮೂರನೇ ದಿನ. ಏಪ್ರಿಲ್ 3ಕ್ಕೆ ಬರಬೇಕಿತ್ತು. ಹಾಡುಗಳು ಮೊದಲೇ ಸೋರಿಹೋದವು ಅಂತ ಒಂದು ವಾರ ಮುಂಚೆ ಬಿಟ್ಟರು. ಕ್ಲಬ್ಬುಗಳೆಲ್ಲ ಬಾಗಿಲು ಹಾಕಿದ ಹೊತ್ತಿಗೆ ಹೀಗೆ ಕುಣಿಸುವ ಆಲ್ಬಮ್! ಆ ದಿನಗಳಲ್ಲಿ ಅದು ಕೊಟ್ಟ ಧೈರ್ಯಕ್ಕೇ ನಾನು ಮೊದಲ ಸ್ಥಾನ ಕೊಟ್ಟಿದ್ದೆ. ಒಟ್ಟು 11 ಹಾಡು, 37 ನಿಮಿಷ. ಒಂಬತ್ತು ಹಾಡಿನ ತನಕ ಒಂದು ಕ್ಷಣವೂ ಸಡಿಲ ಬಿಡುವುದಿಲ್ಲ. ಆದರೆ ಕೊನೆಯ ಎರಡು ಹಾಡು ಬೇರೆ ಯಾವುದೋ ಆಲ್ಬಮ್‌ನಿಂದ ಬಂದ ಹಾಗಿವೆ. ಅಲ್ಲಿಗೆ ಬಂದಾಗ ಈಗಲೂ ನನ್ನ ಕೈ ಸೀದಾ ಬಟನ್‌ಗೆ ಹೋಗುತ್ತದೆ. ಅದಕ್ಕೇ ಇವತ್ತು ಮೂರನೇ ಸ್ಥಾನ.

ಆ ಆಲ್ಬಮ್‌ನ ‘ಲವ್ ಅಗೇನ್’ ಹಾಡಿನಲ್ಲಿ ಒಂದು ಹಳೆಯ ಟ್ರಂಪೆಟ್ ಕೇಳುತ್ತದಲ್ವಾ? ಅದು 1932ರ ಒಂದು ಬ್ರಿಟಿಷ್ ರೆಕಾರ್ಡಿನದು. ಅದನ್ನು ಮೊದಲು ಪಾಪ್‌ಗೆ ತಂದು ಎಲ್ಲರ ಕಿವಿಗೆ ಬೀಳಿಸಿದವರು ಜ್ಯೋತಿ ಮಿಶ್ರಾ. ಒಡಿಶಾದ ರೂರ್ಕೆಲಾದಲ್ಲಿ ಹುಟ್ಟಿ ಇಂಗ್ಲೆಂಡ್‌ನಲ್ಲಿ ಬೆಳೆದವರು. ‘ವೈಟ್ ಟೌನ್’ ಹೆಸರಿನಲ್ಲಿ ಅವರು ಮಾಡಿದ ‘ಯುವರ್ ವುಮನ್’ 1997ರ ಜನವರಿಯಲ್ಲಿ ಬ್ರಿಟನ್ನಿನ ನಂಬರ್ ಒನ್ ಆಗಿತ್ತು. ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ.

ಇವತ್ತು ಮೊದಲ ಸ್ಥಾನ ಜೆಸ್ಸಿ ವೇರ್ ಅವರ ‘ವಾಟ್ಸ್ ಯುವರ್ ಪ್ಲೆಷರ್?’ ಆಲ್ಬಮ್‌ಗೆ. ಜೂನ್ 26ಕ್ಕೆ ಬಂತು. ಹೆಚ್ಚಿನ ಹಾಡುಗಳಿಗೆ ಜೇಮ್ಸ್ ಫೋರ್ಡ್ ನಿರ್ಮಾಪಕರು. ಮೊದಲ ಹಾಡು ‘ಸ್ಪಾಟ್‌ಲೈಟ್’ ಪಿಟೀಲುಗಳ ಜೊತೆ ನಿಧಾನಕ್ಕೆ, ಹಳೇ ಸಿನಿಮಾ ಹಾಡಿನ ಹಾಗೆ ಶುರುವಾಗುತ್ತದೆ. ಆಮೇಲೆ ಬೇಸ್ ಬರುತ್ತದೆ. ನಾನು ಅದನ್ನು ಮೊದಲ ಸಲ ಹಾಕಿದ ದಿನ ಅವ್ವನ ಕೈಯಲ್ಲಿ ಮೊರ ಇತ್ತು. ಬೇಸ್ ಬಂದ ಸ್ವಲ್ಪ ಹೊತ್ತಿಗೆ ಮೊರ ಅದರ ಲೆಕ್ಕಕ್ಕೆ ಏಳುತ್ತಾ ಬೀಳುತ್ತಾ ಇತ್ತು. ಜೋಳದ ಕಾಳು ಸರ್ ಅಂತ ಜಾರುವ ಸದ್ದು ತಾಳಕ್ಕೆ ಸರಿಯಾಗಿ ಕೂತಿತ್ತು. ಅವ್ವನಿಗೆ ಅದರ ಅರಿವೇ ಇರಲಿಲ್ಲ. ಹಾಡು ಮುಗಿದಾಗ ತಲೆ ಎತ್ತಿ, ‘ಇದನ್ನ ಇನ್ನೊಮ್ಮೆ ಹಚ್ಚು’ ಅಂದಳು. ಇಂಗ್ಲಿಷ್‌ನ ಒಂದು ಅಕ್ಷರ ಬಾರದವಳು.

ಮೊದಲ ಸ್ಥಾನಕ್ಕೆ ಇನ್ನೊಂದು ಕಾರಣ ಹಾಡುಗಳ ಸಾಲು. ಮದುವೆಯಲ್ಲಿ ಯಾವ ಹಾಡಿನ ಹಿಂದೆ ಯಾವುದು ಬರಬೇಕು ಅನ್ನುವುದೇ ನಮ್ಮ ಅರ್ಧ ಕೆಲಸ. ತಪ್ಪಿದರೆ ಜನ ಸುಮ್ನೆ ಊಟಕ್ಕೆ ನಡೆಯುತ್ತಾರೆ. ಇಲ್ಲಿ ಆ ತಪ್ಪು ಒಂದೂ ಇಲ್ಲ. ಕೊನೆಯ ‘ರಿಮೆಂಬರ್ ವೇರ್ ಯು ಆರ್’ ಬಂದಾಗ ಕುಣಿತ ಮುಗಿದು, ಚಪ್ಪಲಿ ಹುಡುಕಿಕೊಂಡು, ಬೆಳಗಿನ ತಂಪಿನಲ್ಲಿ ಮನೆಗೆ ಹೊರಟ ಹಾಗೆ ಅನಿಸುತ್ತದೆ. 2020ರಲ್ಲಿ ನಾನು ಆ ಹಾಡಿಗೆ ಅತ್ತಿದ್ದೇನೆ.

ಎರಡನೇ ಸ್ಥಾನ ಐರ್ಲೆಂಡಿನ ರೋಶೀನ್ ಮರ್ಫಿ ಅವರ ‘ರೋಶೀನ್ ಮಷೀನ್’ಗೆ. ಅಕ್ಟೋಬರ್ 2ರದ್ದು. ಇದರ ಮೊದಲ ಹಾಡು ‘ಸಿಮ್ಯುಲೇಶನ್’ 2012ರಲ್ಲೇ ಬಂದಿತ್ತು. ಹಳೆಯ ಹಾಡು ಹೊಸ ವರ್ಷದ ಪಟ್ಟಿಗೆ ಸಲ್ಲುತ್ತಾ ಅಂತ ಕೇಳುವವರಿದ್ದಾರೆ. ನನ್ನ ಪ್ರಕಾರ ಸಲ್ಲುತ್ತದೆ. ಎಂಟು ನಿಮಿಷ ದಾಟುವ ಆ ಹಾಡು ಈ ಆಲ್ಬಮ್‌ನ ಹೊಸ್ತಿಲ ಹಾಗೆ ನಿಂತಿದೆ. ಅದನ್ನು ದಾಟಿಯೇ ಒಳಗೆ ಹೋಗಬೇಕು. ಬಿಡಿ ಹಾಡಾಗಿದ್ದಾಗ ಅದಕ್ಕೆ ಈ ತೂಕ ಇರಲಿಲ್ಲ.

ನಾಲ್ಕನೆಯದು ಚಾರ್ಲಿ ಎಕ್ಸ್‌ಸಿಎಕ್ಸ್ ಅವರ ‘ಹೌ ಐಯಾಮ್ ಫೀಲಿಂಗ್ ನೌ’. ಏಪ್ರಿಲ್ 6ಕ್ಕೆ ಘೋಷಿಸಿ, ಮನೆಯಲ್ಲೇ ಕೂತು, ಸಾಹಿತ್ಯಕ್ಕೆ ಅಭಿಮಾನಿಗಳ ಸಲಹೆ ಕೇಳುತ್ತಾ ಮುಗಿಸಿ, ಮೇ 15ಕ್ಕೆ ಬಿಟ್ಟರು. ಆ ಅವಸರ, ಆ ಒರಟುತನ ಕಿವಿಗೆ ತಾಕುತ್ತದೆ, ಅದೇ ಅದರ ಚೆಂದ. ಐದನೆಯದು ಕೈಲಿ ಮಿನೋಗ್ ಅವರ ‘ಡಿಸ್ಕೋ’. ಮನೆಯಲ್ಲೇ ರೆಕಾರ್ಡಿಂಗ್ ಕಲಿತು ತಮ್ಮ ದನಿಯನ್ನು ತಾವೇ ಹಿಡಿದರು. ಈ ಆಲ್ಬಮ್‌ನಿಂದ ಸತತ ಐದು ದಶಕ ಬ್ರಿಟನ್ನಿನಲ್ಲಿ ನಂಬರ್ ಒನ್ ಆಲ್ಬಮ್ ಕೊಟ್ಟ ಮೊದಲ ಗಾಯಕಿಯಾದರು.

ಲೇಡಿ ಗಾಗಾ ಅವರ ‘ಕ್ರೋಮ್ಯಾಟಿಕಾ’ ಐದರೊಳಗೆ ಬರುವುದಿಲ್ಲ. ‘ರೇನ್ ಆನ್ ಮಿ’ ನನಗೆ ಬಹಳ ಇಷ್ಟ. ವಾದ್ಯವೃಂದದಿಂದ ಸೀದಾ ‘911’ಗೆ ಜಿಗಿಯುವ ಆ ಗಳಿಗೆಯಂತೂ ಆ ವರ್ಷದ ಅತ್ಯುತ್ತಮ ಗಳಿಗೆ. ಆದರೂ ಇಡೀ ಆಲ್ಬಮ್ ಕೇಳಿ ಮುಗಿಸಿದಾಗ ನೆನಪಿನಲ್ಲಿ ಉಳಿಯುವುದು ಇವಿಷ್ಟೇ.

ಪ್ರಶ್ನೆ: ಎಲ್ಲರ ಪಟ್ಟಿಗಳೂ ನವೆಂಬರ್‌ನಲ್ಲೇ ಬಂದುಬಿಡುತ್ತವೆ. ಡಿಸೆಂಬರ್‌ನ ಆಲ್ಬಮ್‌ಗಳ ಗತಿ ಏನು? (ಓದುಗರೊಬ್ಬರು, ಧಾರವಾಡ)

ಉತ್ತರ: ಅನ್ಯಾಯವೇ ಆಗುತ್ತದೆ. ಕೇಟ್ರನಾಡಾ ಅವರ ‘ಬುಬ್ಬಾ’ ಬಂದದ್ದು 2019ರ ಡಿಸೆಂಬರ್ 13ಕ್ಕೆ. ಆ ಹೊತ್ತಿಗೆ 2019ರ ಪಟ್ಟಿಗಳು ಅಚ್ಚಾಗಿದ್ದವು. ಮುಂದಿನ ವರ್ಷ ಅದು ಹಳೆಯದು. ಕೊನೆಗೆ 2021ರ ಮಾರ್ಚ್‌ನಲ್ಲಿ ಡಾನ್ಸ್ ವಿಭಾಗದ ಅತ್ಯುತ್ತಮ ಆಲ್ಬಮ್ ಅಂತ ಗ್ರ್ಯಾಮಿ ಬಂತು. ಅದಕ್ಕೇ ನಾನು ಡಿಸೆಂಬರ್‌ನಿಂದ ಡಿಸೆಂಬರ್‌ಗೆ ಲೆಕ್ಕ ಇಡುತ್ತೇನೆ.

ಪ್ರಶ್ನೆ: ನನ್ನ ಹತ್ತಿರ ಇರುವುದು ಬರೀ ಮೊಬೈಲ್. ಇಂಥ ಹಾಡು ಕೇಳಲು ದೊಡ್ಡ ಸ್ಪೀಕರ್ ಬೇಕೇ ಬೇಕಾ? (ಓದುಗರೊಬ್ಬರು, ಗದಗ)

ಉತ್ತರ: ಬೇಡ. ಆದರೆ ಮೊಬೈಲಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಬೇಸ್ ಗಿಟಾರ್‌ನ ದಪ್ಪ ತಂತಿ ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಾಳಿಯನ್ನು ಅಷ್ಟು ಆಳಕ್ಕೆ ಅಲುಗಿಸುವ ಶಕ್ತಿ ಆ ಪುಟ್ಟ ಸ್ಪೀಕರ್‌ಗೆ ಇಲ್ಲ. ನಿಮಗೆ ಕೇಳುವುದು ದನಿ ಮತ್ತು ಚಪ್ಪಾಳೆ ಮಾತ್ರ, ಕುಣಿಸುವ ಭಾಗ ಪೂರ್ತಿ ಹೋಗಿರುತ್ತದೆ. ವಯರ್ ಇರುವ ಸಾಧಾರಣ ಇಯರ್‌ಫೋನ್ ಸಾಕು. ಕಿವಿಗೆ ಬಿಗಿಯಾಗಿ ಕೂರಬೇಕು, ಸಡಿಲ ಇದ್ದರೆ ಬೇಸ್ ಮೊದಲು ಸೋರುತ್ತದೆ. ‘ಸ್ಪಾಟ್‌ಲೈಟ್’ ಹಾಕಿ, ಪಿಟೀಲು ಮುಗಿಯುವ ತನಕ ಕಾಯಿರಿ. ಮುಂದಕ್ಕೆ ಓಡಿಸಬೇಡಿ.