ಕೊಯ್ದಷ್ಟೂ ಮರಳಿ ಬರುವ ಕೀವು: ಡಾಕ್ಟರ್ ಉತ್ತರ

ಪ್ರಶ್ನೆ: ಡಾಕ್ಟ್ರೇ, ನನಗೆ 36 ವರ್ಷ. ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಎರಡು ವರ್ಷದಿಂದ ಮಷಿನ್ ಮುಂದೆ ಕೂತರೆ ಬಾಲದ ಮೂಳೆ ನೋಯುತ್ತದೆ. ಮಲಬದ್ಧತೆಯೂ ಇದೆ. ಗುದದ್ವಾರದ ಹಿಂದೆ ಕೀವಿನ ಗಂಟಾಗಿ ಮೂರು ಸಲ ಕೊಯ್ದು ತೆಗೆದಿದ್ದಾರೆ. ಮೊದಲು ಪೈಲ್ಸ್ ಅಂದರು, ಆಮೇಲೆ ಫಿಸ್ಟುಲಾ (ಕೀವು ಸೋರುವ ಸುರಂಗ) ಅಂದರು. ಈಗ ಎಂಆರ್‌ಐ ಮಾಡಿಸಿದರೆ ಗುದನಾಳದ ಹಿಂದೆ 5 ಸೆಂ.ಮೀ. ಚೀಲವಿದೆ, 'ಟೈಲ್‌ಗಟ್ ಸಿಸ್ಟ್' ಇರಬಹುದು, ಹುಟ್ಟಿನಿಂದಲೇ ಬಂದದ್ದು ಎಂದು ಬರೆದಿದ್ದಾರೆ. ಆಪರೇಷನ್ ಬೇಕಂತೆ. ಸೂಜಿ ಹಾಕಿ ಟೆಸ್ಟ್ ಮಾಡದೆ ನೇರವಾಗಿ ಆಪರೇಷನ್ ಯಾಕೆ? ಇದು ಕ್ಯಾನ್ಸರಾ? ಮಲ ಹೋಗಲು ಹೊಟ್ಟೆಗೆ ಬ್ಯಾಗ್ ಹಾಕುತ್ತಾರಾ? 'ಹುಟ್ಟಿನಿಂದ ಇದ್ದದ್ದಕ್ಕೆ ಈಗ್ಯಾಕೆ ಕೈ ಹಾಕೋದು' ಅಂತಾರೆ ನಮ್ಮತ್ತೆ.
– ಹೆಸರು ಬೇಡ, ತಿಪಟೂರು

ಉತ್ತರ: ನಿಮ್ಮ ಅತ್ತೆ ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ.

ತಾಯಿಯ ಹೊಟ್ಟೆಯಲ್ಲಿ ಐದನೇ ವಾರದ ಹೊತ್ತಿಗೆ ನಮಗೆಲ್ಲ ಒಂದು ಪುಟ್ಟ ಬಾಲ ಇರುತ್ತದೆ. ಕರುಳಿನ ತುದಿ ಆ ಬಾಲದೊಳಕ್ಕೂ ಚಾಚಿಕೊಂಡಿರುತ್ತದೆ. ಎಂಟನೇ ವಾರದ ಹೊತ್ತಿಗೆ ಎರಡೂ ಕರಗಿಹೋಗಬೇಕು. ಕರುಳಿನ ಚೂರೊಂದು ಕರಗದೆ ಉಳಿದರೆ, ಗುದನಾಳಕ್ಕೂ ಹಿಂದಿನ ಮೂಳೆಗೂ ನಡುವೆ ಲೋಳೆ ತುಂಬಿಕೊಂಡು ನಿಧಾನವಾಗಿ ಚೀಲವಾಗುತ್ತದೆ. ಇದೇ ಟೈಲ್‌ಗಟ್ ಸಿಸ್ಟ್. ಗಂಡಸರಿಗಿಂತ ಹೆಂಗಸರಲ್ಲಿ ಇದು ಜಾಸ್ತಿ. ಎಷ್ಟೋ ಜನರಿಗೆ ಏನೂ ತೊಂದರೆ ಇರುವುದಿಲ್ಲ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಣ್ಣಿಗೆ ಬೀಳುತ್ತದೆ. ನಿಮಗೆ ಹಾಗಲ್ಲ. ನೋವಿದೆ, ಕೀವಾಗುತ್ತಿದೆ, ಮಲದ ದಾರಿಯೂ ಒತ್ತಿದಂತಿದೆ. ಹುಟ್ಟಿನಿಂದ ಇದ್ದದ್ದು ನಿಜ, ಆದರೆ ಸುಮ್ನೆ ಇಲ್ಲವಲ್ಲ.

ಮೂರು ಸಲ ಕೊಯ್ದವರ ಮೇಲೆ ಪೂರ್ತಿ ಸಿಟ್ಟಾಗಬೇಡಿ. ಅಮೆರಿಕದ ಮೇಯೋ ಕ್ಲಿನಿಕ್‌ನ ಹಳೆಯ ಲೆಕ್ಕದಲ್ಲಿ, ಈ ಜಾಗದ ಎಲ್ಲ ಬಗೆಯ ಗೆಡ್ಡೆಗಳನ್ನು ಸೇರಿಸಿದರೂ 40,000 ರೋಗಿಗಳಲ್ಲಿ ಒಬ್ಬರಿಗೆ ಸಿಕ್ಕಿತ್ತು. ಸರ್ಜನ್ ಒಬ್ಬರು ನಿವೃತ್ತಿಯಾಗುವವರೆಗೂ ಇಂಥದ್ದನ್ನು ನೋಡದೇ ಇರಬಹುದು. ಆದರೆ ಒಂದು ಮಾತಿನಲ್ಲಿ ನಾನು ಹಟಮಾರಿ. ಕೀವು ಅದೇ ಜಾಗಕ್ಕೆ ಎರಡನೇ ಸಲ ಬಂತು ಎಂದರೆ ಕತ್ತಿ ಹಿಡಿಯುವ ಮುಂಚೆ ಗುದದ್ವಾರದೊಳಗೆ ಬೆರಳು ಹಾಕಿ ನೋಡಬೇಕು. ಅರ್ಧ ನಿಮಿಷದ ಕೆಲಸ. ಮುಜುಗರ ಎಂದು ರೋಗಿಯೂ ಬೇಡ ಅಂತಾರೆ, ಒಪಿಡಿಯಲ್ಲಿ ಕ್ಯೂ ಇದೆ ಎಂದು ಡಾಕ್ಟರೂ ಬಿಟ್ಟುಬಿಡ್ತಾರೆ. ಹಿಂಬದಿಯ ಗೋಡೆ ನುಣ್ಣಗೆ ಉಬ್ಬಿ, ಒತ್ತಿದರೆ ಮೆತ್ತಗೆ ಸಿಕ್ಕಿತೋ, ಆಗ ಎಂಆರ್‌ಐ. ಗುದದ್ವಾರದ ಹಿಂದೆ ಚರ್ಮದಲ್ಲಿ ಚಿಕ್ಕ ಗುಳಿ ಇದ್ದರೂ ಅದು ಸುಳಿವೇ.

ಸೂಜಿ ಯಾಕೆ ಬೇಡ ಎಂದರೆ, ಇದೇ ಜಾಗದಲ್ಲಿ ಹುಟ್ಟಿನಿಂದ ಬರುವ ಇನ್ನೊಂದು ಚೀಲವಿದೆ. ಬೆನ್ನುಹುರಿಯ ಪೊರೆಯೇ ಮೂಳೆಯ ಸಂದಿಯಿಂದ ಮುಂದಕ್ಕೆ ಉಬ್ಬಿ ಬಂದಿರುತ್ತದೆ. ಅದರೊಳಗಿರುವುದು ಮೆದುಳಿನ ಸುತ್ತ ಇರುವ ನೀರೇ. ಗುದನಾಳದ ಮೂಲಕ ಅದಕ್ಕೆ ಸೂಜಿ ಚುಚ್ಚಿದರೆ ಮೆದುಳುಜ್ವರ ಬಂದು ಜೀವಕ್ಕೇ ಅಪಾಯ. ನಿಮ್ಮ ಎಂಆರ್‌ಐ ಅದಲ್ಲ ಎಂದು ಹೇಳಿರಬೇಕು. ರಿಪೋರ್ಟಿನಲ್ಲಿ ಆ ಸಾಲು ಇದೆಯಾ ಎಂದು ಕೇಳಿ. ಟೈಲ್‌ಗಟ್ ಸಿಸ್ಟೇ ಆದರೂ ಸೂಜಿಯಿಂದ ಲಾಭ ಕಡಿಮೆ. ಚುಚ್ಚಿದರೆ ಕೀವಾಗಬಹುದು. ಒಳಗೆ ಕ್ಯಾನ್ಸರ್ ಕಣ ಇದ್ದರೆ ಸೂಜಿಯ ದಾರಿಯಲ್ಲಿ ಹರಡಬಹುದು. ಮೇಲಾಗಿ ಈ ಸಿಸ್ಟ್ ಸಾಮಾನ್ಯವಾಗಿ ಒಂದೇ ಕೋಣೆಯದ್ದಲ್ಲ, ಹಲಸಿನ ತೊಳೆಗಳ ಹಾಗೆ ಪಕ್ಕಪಕ್ಕದಲ್ಲಿ ಹಲವು ಇರುತ್ತವೆ. ಒಂದರಿಂದ ತೆಗೆದ ಹನಿ ಇನ್ನೊಂದರ ಕಥೆ ಹೇಳುವುದಿಲ್ಲ. ಸೂಜಿ ಟೆಸ್ಟ್ ಬೇಕಾಗುವುದು ಗಟ್ಟಿ ಗೆಡ್ಡೆಯಂತೆ ಕಂಡಾಗ. ಆಗಲೂ ಗುದನಾಳದ ಮೂಲಕ ಅಲ್ಲ.

ಕ್ಯಾನ್ಸರಾ? ಹೆಚ್ಚಿನವು ಅಲ್ಲ. ಆದರೆ ಕೆಲವು ಮುಂದೆ ಆಗುತ್ತವೆ, ಅದಕ್ಕೇ ಪೂರ್ತಿ ಚೀಲ ತೆಗೆದು ಲ್ಯಾಬ್‌ಗೆ ಕಳಿಸಬೇಕು. ಒಂದು ತೊಳೆ ಒಳಗೆ ಉಳಿದರೂ ಮತ್ತೆ ಬೆಳೆಯಬಹುದು.

ಇನ್ನು ಆಪರೇಷನ್. ಚೀಲದ ಮೇಲಿನ ಅಂಚು ಬೆರಳಿಗೆ ಸಿಗುವಷ್ಟು ಕೆಳಗಿದ್ದರೆ ಹಿಂದಿನಿಂದ, ಪೃಷ್ಠಗಳ ನಡುವಿನ ಗೆರೆಯಲ್ಲಿ ಕೊಯ್ದು ತೆಗೆಯುತ್ತಾರೆ. ಜರ್ಮನಿಯ ಪಾಲ್ ಕ್ರಾಸ್ಕೆ 1885ರಲ್ಲಿ ಗುದನಾಳದ ಕ್ಯಾನ್ಸರ್‌ಗೆಂದು ತೋರಿಸಿಕೊಟ್ಟ ದಾರಿ ಇದು. ಚೀಲ ಬಾಲದ ಮೂಳೆಗೆ ಅಂಟಿದ್ದರೆ ಅಥವಾ ಜಾಗ ಸಾಲದಿದ್ದರೆ ಆ ಮೂಳೆಯನ್ನೂ ತೆಗೆಯುತ್ತಾರೆ. ಅದಿಲ್ಲದೆ ನಡೆಯಲು ಏನೂ ಕಷ್ಟವಿಲ್ಲ. ಚೀಲ ಮೇಲಕ್ಕಿದ್ದರೆ ಹೊಟ್ಟೆಯ ಕಡೆಯಿಂದ ಲ್ಯಾಪರೋಸ್ಕೋಪಿ. ದೊಡ್ಡದಿದ್ದರೆ ಎರಡೂ ಕಡೆಯಿಂದ. ಮಲ, ಮೂತ್ರ ಹಿಡಿದುಕೊಳ್ಳುವ ನರಗಳು ಅಲ್ಲೇ ಹಾದುಹೋಗುವುದರಿಂದ ಕೈ ಪಳಗಿದವರೇ ಮಾಡಬೇಕು. 'ಈ ಜಾಗದ್ದು ನೀವು ಮಾಡಿದ್ದೀರಾ?' ಎಂದು ಸರ್ಜನ್‌ಗೆ ಕೇಳಲು ಹೆದರಬೇಡಿ. ಒಳ್ಳೆಯ ಸರ್ಜನ್‌ಗೆ ಅದರಿಂದ ಬೇಜಾರಾಗುವುದಿಲ್ಲ. ಬ್ಯಾಗ್ ಬೇಕಾಗುವುದು ಅಪರೂಪ. ಗುದನಾಳದ ಗೋಡೆಗೆ ಪೆಟ್ಟಾದರೆ ಕೆಲವು ತಿಂಗಳ ಮಟ್ಟಿಗೆ ಹಾಕಬಹುದು. ಹಿಂದೆ ಮೂರು ಸಲ ಕೀವಾದ್ದರಿಂದ ಅಲ್ಲಿ ಎಲ್ಲ ಅಂಟಿಕೊಂಡಿರುತ್ತದೆ, ನಿಮ್ಮದು ಸ್ವಲ್ಪ ಕಷ್ಟದ ಕೇಸೇ. ಹಳೆಯ ಡಿಸ್ಚಾರ್ಜ್ ಚೀಟಿಗಳನ್ನೆಲ್ಲ ಒಯ್ಯಿರಿ.

ಈಗ ಕೀವು, ಜ್ವರ ಇದ್ದರೆ ಮೊದಲು ಅದು ಇಳಿಯಬೇಕು. ಇಲ್ಲದಿದ್ದರೆ ನಾಳೆಯೇ ಓಡುವ ಅವಸರವಿಲ್ಲ. ಹಬ್ಬದ ಬ್ಲೌಸ್ ಆರ್ಡರ್ ಕೈಯಲ್ಲಿದ್ದರೆ ಮುಗಿಸಿಕೊಂಡೇ ಹೋಗಿ. ಯಾಕೆಂದರೆ ಆಪರೇಷನ್ ಆದ ಮೇಲೆ ಕೆಲವು ವಾರ ಮಷಿನ್ ಮುಂದೆ ಗಂಟೆಗಟ್ಟಲೆ ಕೂರುವಂತಿಲ್ಲ. ಗಾಯ ಕೂರುವ ಜಾಗದಲ್ಲೇ ಇರುತ್ತದೆ ಅಲ್ವಾ!

ಪ್ರಶ್ನೆ: ನನ್ನ ತಮ್ಮನಿಗೆ 29. ಕಲ್ಲಿದೆಯಾ ಎಂದು ಸ್ಕ್ಯಾನ್ ಮಾಡಿಸಿದಾಗ ಎಡಗಡೆ ಕಿಡ್ನಿಯೇ ಇಲ್ಲ ಎಂದು ಗೊತ್ತಾಯಿತು. ಅದೇ ಕಡೆ ಸೆಮಿನಲ್ ವೆಸಿಕಲ್‌ನಲ್ಲಿ (ವೀರ್ಯದ ದ್ರವ ತಯಾರಿಸುವ ಗ್ರಂಥಿ) 2 ಸೆಂ.ಮೀ. ಸಿಸ್ಟ್ ಇದೆಯಂತೆ. ಅವನಿಗೆ ತೊಂದರೆ ಏನಿಲ್ಲ. ಹೆಣ್ಣು ನೋಡುತ್ತಿದ್ದೇವೆ. ಮದುವೆಗೆ ಮುಂಚೆ ಆಪರೇಷನ್ ಮಾಡಿಸಬೇಕಾ?
– ಅಕ್ಕ, ಶಿರಸಿ

ಉತ್ತರ: ಬೇಡ. ಎರಡೂ ಒಂದೇ ಎಳೆಯ ತಪ್ಪು. ಭ್ರೂಣದಲ್ಲಿ ಒಂದು ನಾಳದಿಂದಲೇ ಗಂಡಸಿನ ವೀರ್ಯದ ದಾರಿಯೂ ಆಗುತ್ತದೆ, ಕಿಡ್ನಿ ಬೆಳೆಯಲು ಬೇಕಾದ ಮೊಗ್ಗೂ ಒಡೆಯುತ್ತದೆ. ಆ ನಾಳ ಸರಿಯಾಗಿ ಬೆಳೆಯದಿದ್ದರೆ ಆ ಕಡೆ ಕಿಡ್ನಿ ಇರುವುದಿಲ್ಲ, ವೀರ್ಯದ ದಾರಿ ಕಟ್ಟಿಕೊಂಡು ಗ್ರಂಥಿ ಉಬ್ಬುತ್ತದೆ. 1914ರಲ್ಲಿ ಝಿನ್ನರ್ ಎಂಬ ವೈದ್ಯರು ಇದನ್ನು ಬರೆದರು, ಹೆಸರೂ ಅವರದ್ದೇ. ನೋವು, ಉರಿಮೂತ್ರ, ಪದೇಪದೇ ಸೋಂಕು ಇದ್ದರೆ ಆಪರೇಷನ್. ಇಲ್ಲದಿದ್ದರೆ ಆಗಾಗ ಸ್ಕ್ಯಾನ್ ಸಾಕು. ಮಕ್ಕಳಾಗಲಿ ಎಂದೇ ಸಿಸ್ಟ್ ತೆಗೆಸಿದರೆ ಫಲ ಸಿಗುವ ಖಾತ್ರಿಯಿಲ್ಲ. ಮೊದಲು ವೀರ್ಯ ಪರೀಕ್ಷೆ ಮಾಡಿಸಿ.

ನೀವು ಕೇಳಿಲ್ಲ, ಆದರೂ ಹೇಳ್ತೀನಿ: ಹುಡುಗಿಗೆ ಮುಂಚೆಯೇ ತಿಳಿಸಿ. ತಮ್ಮನಿಗೆ ಬಿಪಿ ಮತ್ತು ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ರಕ್ತ ಪರೀಕ್ಷೆ) ವರ್ಷಕ್ಕೊಮ್ಮೆ ನೋಡಿಸಿ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ತಾನೇ ಮಾತ್ರೆ ತಂದು ನುಂಗುವ ಅಭ್ಯಾಸವಿದ್ದರೆ ಇವತ್ತೇ ಬಿಡಿಸಿ. ಅವನಿಗಿರುವುದು ಒಂದೇ ಕಿಡ್ನಿ.