ತೆಯೋತಿಹುವಾಕಾನ್ ಪಿರಮಿಡ್ ಹತ್ತಲು ಬಿಡದಿದ್ದರೆ ಅಲ್ಲಿಗೆ ಹೋಗಿ ಏನು ಪ್ರಯೋಜನ?

ನಿಮ್ಮ ಪ್ರಶ್ನೆ ಇಷ್ಟು: ಆಫೀಸ್ ಕೆಲಸದ ಮೇಲೆ ಮೆಕ್ಸಿಕೊ ಸಿಟಿಗೆ ಹೋಗುತ್ತಿದ್ದೀರಿ, ಒಂದೇ ದಿನ ಬಿಡುವಿದೆ, ಸಸ್ಯಾಹಾರಿ. ನಗರದ ಹತ್ತಿರ ತೆಯೋತಿಹುವಾಕಾನ್ ಎಂಬ ಪಾಳುಬಿದ್ದ ಪುರಾತನ ಊರಿದೆ, ಅಲ್ಲಿನ ಸೂರ್ಯ ಪಿರಮಿಡ್ ಹತ್ತಲು ಈಗ ಬಿಡುವುದಿಲ್ಲ ಎಂದು ಯಾರೋ ಹೇಳಿದ್ದಾರೆ. ಹಾಗಾದರೆ ಅಷ್ಟು ದೂರ ಹೋಗುವುದು ದಂಡವಾ ಎಂದು ಕೇಳಿದ್ದೀರಿ.

ದಂಡವಲ್ಲ, ಹೋಗಿ. ಆದರೆ ಪಿರಮಿಡ್ ಒಂದನ್ನೇ ನೆಚ್ಚಿಕೊಂಡು ಹೋಗಬೇಡಿ. ನಾನು ಟೆಕ್ಸಾಸ್‌ನಲ್ಲಿ ಇರುವುದರಿಂದ ಮೆಕ್ಸಿಕೊ ಹತ್ತಿರ, ಅಲ್ಲಿಗೆ ಹೋಗಿ ಬಂದಿದ್ದೇನೆ. ನನ್ನನ್ನು ಕೇಳಿದರೆ ಅಲ್ಲಿ ನೋಡಲೇಬೇಕಾದದ್ದು ಪಿರಮಿಡ್‌ಗಳ ಸುತ್ತಲಿನ ಬೇಲಿಯ ಹೊರಗಿರುವ ಹಳೆಯ ಮನೆಗಳು. ಹೆಚ್ಚಿನ ಟೂರ್ ಬಸ್‌ಗಳು ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ.

ಮೊದಲು ಹತ್ತುವ ವಿಷಯ ಮುಗಿಸೋಣ. 2020ರಲ್ಲಿ ಕೊರೊನಾ ಬಂದಾಗ ಎಲ್ಲ ಪಿರಮಿಡ್‌ಗಳನ್ನೂ ಹತ್ತುವುದು ನಿಲ್ಲಿಸಿದರು. 2025ರ ಮೇ ತಿಂಗಳಲ್ಲಿ ಚಂದ್ರ ಪಿರಮಿಡ್‌ನ ಮೊದಲ ಹಂತದವರೆಗೆ ಮಾತ್ರ ಮತ್ತೆ ಬಿಟ್ಟರು. ಐವತ್ತಕ್ಕೂ ಕಡಿಮೆ ಮೆಟ್ಟಿಲು, ಆದರೆ ಬಲು ಕಡಿದು. ಇಳಿಯುವಾಗ ನೇರವಾಗಿ ಇಳಿಯಬೇಡಿ, ಅಡ್ಡಡ್ಡ ಇಳಿಯಿರಿ. ಆ ಎತ್ತರ ಸಾಕು. ಇಡೀ ಊರಿನ ನಡುಬೀದಿ ಅಲ್ಲಿಂದ ನೇರವಾಗಿ ಕಾಣುತ್ತದೆ, ಎಡಗಡೆ ಸೂರ್ಯ ಪಿರಮಿಡ್ ಪೂರ್ತಿ ಕಾಣುತ್ತದೆ. ಸೂರ್ಯ ಪಿರಮಿಡ್ ಮೇಲೆ ನಿಂತರೆ ಸೂರ್ಯ ಪಿರಮಿಡ್ಡೇ ಕಾಣುವುದಿಲ್ಲ, ಅಲ್ವಾ?

ಸೂರ್ಯ ಪಿರಮಿಡ್ ಸುಮಾರು 65 ಮೀಟರ್ ಎತ್ತರ, ಬುಡದ ಒಂದೊಂದು ಬದಿ ಸುಮಾರು 225 ಮೀಟರ್. ಒಳಗೆ ಹತ್ತು ಲಕ್ಷ ಘನ ಮೀಟರ್‌ನಷ್ಟು ಮಣ್ಣು, ಕಲ್ಲು. ಎತ್ತಿಲ್ಲ, ಕುದುರೆಯಿಲ್ಲ, ಗಾಡಿಯಿಲ್ಲ, ಕಬ್ಬಿಣದ ಉಪಕರಣವಿಲ್ಲ. ಎಲ್ಲವನ್ನೂ ಜನ ಹೊತ್ತು ತಂದರು. ಕ್ರಿ.ಶ. 200ರ ಆಸುಪಾಸಿನಲ್ಲಿ ಇದು ನಿಂತಿತ್ತು. ಇದನ್ನು ಕಟ್ಟಿದವರು ಸ್ಪೇನಿನವರು ಬರುವ ಮುಂಚೆ ಈ ನಾಡನ್ನು ಆಳುತ್ತಿದ್ದ ಅಜ್ಟೆಕರಲ್ಲ. ಅಜ್ಟೆಕರು ತಮ್ಮ ರಾಜಧಾನಿ ಕಟ್ಟಿದ್ದು 1325ರ ಸುಮಾರಿಗೆ. ಅವರು ಇಲ್ಲಿಗೆ ಬರುವಷ್ಟರಲ್ಲಿ ಊರು ಪಾಳುಬಿದ್ದು ಏಳೆಂಟು ನೂರು ವರ್ಷ ಆಗಿತ್ತು. ಸೂರ್ಯ, ಚಂದ್ರ, ಸತ್ತವರ ಬೀದಿ (ಆ ನಡುಬೀದಿ) ಎಂಬ ಹೆಸರುಗಳೆಲ್ಲ ಅಜ್ಟೆಕರಿಂದ ಬಂದವು. ಕಟ್ಟಿದವರು ತಮ್ಮ ಊರನ್ನು ಏನೆಂದು ಕರೆಯುತ್ತಿದ್ದರು ಎಂದು ಯಾರಿಗೂ ಗೊತ್ತಿಲ್ಲ.

ಇನ್ನೊಂದು ವಿಷಯವನ್ನು ಗೈಡ್‌ಗಳು ಅಷ್ಟಾಗಿ ಹೇಳುವುದಿಲ್ಲ. ಈಗ ಕಾಣುವ ಸೂರ್ಯ ಪಿರಮಿಡ್‌ನ ಮೈ ಪೂರ್ತಿ ಹಳೆಯದಲ್ಲ. 1910ಕ್ಕೆ ಮೆಕ್ಸಿಕೊದ ಸ್ವಾತಂತ್ರ್ಯ ಹೋರಾಟಕ್ಕೆ ನೂರು ವರ್ಷ. ಅಧ್ಯಕ್ಷ ಪೊರ್ಫಿರಿಯೊ ದಿಯಾಸ್‌ಗೆ ವಿದೇಶಿ ಅತಿಥಿಗಳ ಮುಂದೆ ತೋರಿಸಲು ಏನಾದರೂ ದೊಡ್ಡದು ಬೇಕಿತ್ತು. ಲಿಯೊಪೊಲ್ದೊ ಬಾತ್ರೆಸ್ ಎಂಬ ಸರ್ಕಾರಿ ಪುರಾತತ್ವ ಅಧಿಕಾರಿ 1905ರಲ್ಲಿ ಕೆಲಸ ಶುರು ಮಾಡಿದ. ಹೊರಗಿನ ಪದರವನ್ನು ಕೆಲವು ಮೀಟರ್‌ಗಳಷ್ಟು ಕೆರೆದು ತೆಗೆದ. ಇಲ್ಲದಿದ್ದ ಒಂದು ಮೆಟ್ಟಿಲು ಹಂತವನ್ನೂ ಸೇರಿಸಿಬಿಟ್ಟ ಎಂಬ ಅಪವಾದ ಅವನ ಮೇಲೆ ಇಂದಿಗೂ ಇದೆ. ಬೇರೆ ಗೋಡೆಗಳ ಹತ್ತಿರ ಹೋದಾಗ ಕಲ್ಲುಗಳ ನಡುವಿನ ಗಾರೆ ನೋಡಿ. ಗಾರೆಯಲ್ಲಿ ಸಣ್ಣ ಸಣ್ಣ ಹರಳುಕಲ್ಲು ಸಾಲಾಗಿ ಒತ್ತಿದ್ದರೆ ಆ ಭಾಗ ಈ ಕಾಲದವರು ಮತ್ತೆ ಕಟ್ಟಿದ್ದು ಎಂದು ಅರ್ಥ. ಒಮ್ಮೆ ಇದು ಕಣ್ಣಿಗೆ ಬಿದ್ದರೆ ಆಮೇಲೆ ಎಲ್ಲೆಲ್ಲೂ ಅದೇ ಕಾಣುತ್ತದೆ.

ಮಾರ್ಚ್ 21ಕ್ಕೆ ಬಿಳಿ ಬಟ್ಟೆ ಹಾಕಿಕೊಂಡು ಸಾವಿರಾರು ಜನ ಸೂರ್ಯನ ಶಕ್ತಿ ಪಡೆಯಲು ಇಲ್ಲಿ ಸೇರುತ್ತಾರೆ. ತಮಾಷೆ ಏನೆಂದರೆ ಪಿರಮಿಡ್‌ಗೂ ಆ ದಿನಕ್ಕೂ ಸಂಬಂಧವಿಲ್ಲ. ಇಡೀ ಊರು ನೇರ ಉತ್ತರಕ್ಕಿಲ್ಲ, ಸುಮಾರು 15.5 ಡಿಗ್ರಿ ಪೂರ್ವಕ್ಕೆ ತಿರುಗಿಕೊಂಡಿದೆ. ಪಿರಮಿಡ್‌ನ ಮುಖಕ್ಕೆ ನೇರವಾಗಿ ಸೂರ್ಯ ಮುಳುಗುವುದು ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಮಧ್ಯಕ್ಕೆ. ಆಗಸ್ಟ್‌ನಿಂದ ಏಪ್ರಿಲ್‌ವರೆಗಿನ ಅಂತರ 260 ದಿನ. ಆ ಭಾಗದ ಜನರ ಪಂಚಾಂಗದ ಒಂದು ಸುತ್ತೂ 260 ದಿನದ್ದೇ. ಇದು ಸುಮ್ನೆ ಆದದ್ದು ಎಂದು ನನಗೆ ಅನ್ನಿಸುವುದಿಲ್ಲ. ಅಂತೂ ಮಾರ್ಚ್ 21ರ ಹತ್ತಿರ ಹೋಗಬೇಡಿ. ಭಾನುವಾರವೂ ಬೇಡ, ಅಂದು ಸ್ಥಳೀಯರಿಗೆ ಟಿಕೆಟ್ ಇಲ್ಲ, ಜನ ಜಾಸ್ತಿ.

ದಕ್ಷಿಣದ ತುದಿಯಲ್ಲಿ ಸಿಯುದಾದೆಲಾ ಎಂಬ ದೊಡ್ಡ ಅಂಗಳ ಇದೆ. ಅದರೊಳಗೆ ಗರಿಹಾವಿನ ಗುಡಿ. ಎತ್ತರದಲ್ಲಿ ಇದು ಮೂರನೆಯದು, ಆದರೆ ನೋಡಲು ಮೂರರಲ್ಲೂ ಇದೇ ಚೆನ್ನ. ಕಲ್ಲಿನ ಹಾವಿನ ತಲೆಗಳು ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿವೆ, ಕತ್ತಿನ ಸುತ್ತ ಗರಿಗಳು, ನಡುನಡುವೆ ಶಂಖ, ಚಿಪ್ಪು. ಇದು ಇಷ್ಟು ಚೆನ್ನಾಗಿ ಉಳಿಯಲು ಕಾರಣ, ಆಮೇಲಿನವರು ಇದರ ಮುಖಕ್ಕೆ ಅಂಟಿಸಿ ಇನ್ನೊಂದು ಕಟ್ಟೆ ಕಟ್ಟಿ ಮುಚ್ಚಿದ್ದು. ಮಳೆ ಬಿಸಿಲು ತಾಗಲಿಲ್ಲ. ಬುಡದಲ್ಲಿ ಅಗೆದಾಗ ನೂರಕ್ಕೂ ಹೆಚ್ಚು ಜನರ ಅಸ್ಥಿಪಂಜರ ಸಿಕ್ಕವು, ಅನೇಕರ ಕೈ ಹಿಂದಕ್ಕೆ ಕಟ್ಟಿದ್ದ ಸ್ಥಿತಿಯಲ್ಲಿ. ಗುಡಿ ಕಟ್ಟುವಾಗ ಕೊಟ್ಟ ಬಲಿ. 2003ರಲ್ಲಿ ಜೋರು ಮಳೆಗೆ ಗುಡಿಯ ಮುಂದೆ ನೆಲ ಕುಸಿಯಿತು. ಪುರಾತತ್ವದ ಸೆರ್ಹಿಯೊ ಗೋಮೆಸ್ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಆ ಗುಂಡಿಗೆ ಇಳಿದರು. ಕೆಳಗೆ ಸುಮಾರು ನೂರು ಮೀಟರ್ ಉದ್ದದ ಸುರಂಗ. ಸುಮಾರು 1800 ವರ್ಷ ಯಾರೂ ಕಾಲಿಡದೆ ಮುಚ್ಚಿಹೋಗಿತ್ತು. ಗೋಡೆಗೆ ಮಿನುಗುವ ಖನಿಜದ ಪುಡಿ ಬಳಿದಿದ್ದರು. ದೀಪ ಹಿಡಿದರೆ ನಕ್ಷತ್ರದ ಹಾಗೆ ಹೊಳೆಯುವ ಗೋಡೆ. ಕೊನೆಯ ಕೋಣೆಗಳಲ್ಲಿ ಪಾದರಸ ಕೂಡ ಸಿಕ್ಕಿತು. ಅಲ್ಲಿ ರಾಜನೊಬ್ಬನ ಗೋರಿ ಸಿಗಬಹುದು ಎಂದು ಎಲ್ಲರೂ ಕಾದರು. ಸಿಗಲಿಲ್ಲ. ಸುರಂಗದೊಳಗೆ ನಮ್ಮನ್ನು ಬಿಡುವುದಿಲ್ಲ, ಮೇಲಿಂದ ಜಾಗ ನೋಡಬಹುದು ಅಷ್ಟೆ.

ರಾಜ ಸಿಗದಿರುವುದೇ ಈ ಊರಿನ ವಿಶೇಷ. ಆ ಭಾಗದ ಇನ್ನೊಂದು ಪ್ರಾಚೀನ ಜನರಾದ ಮಾಯಾಗಳ ಊರುಗಳಲ್ಲಿ ಕಂಬ ಕಂಬಕ್ಕೂ ರಾಜನ ಚಿತ್ರ, ಹೆಸರು, ಪಟ್ಟಕ್ಕೇರಿದ ದಿನ. ಇಲ್ಲಿ ಅಂಥ ಒಂದೂ ಇಲ್ಲ. ಇದ್ದ ಕೆಲವು ಬರಹದ ಗುರುತುಗಳನ್ನು ಓದಲೂ ಬರುವುದಿಲ್ಲ. ಬದಲಿಗೆ ಏನಿದೆ? ಜನಸಾಮಾನ್ಯರ ಮನೆ. ಸುಮಾರು 250ರ ನಂತರ ಈ ಜನ ಹೊಸದಾಗಿ ದೊಡ್ಡ ಪಿರಮಿಡ್ ಕಟ್ಟುವುದನ್ನು ಬಿಟ್ಟರು. ಊರಿನ ಶ್ರಮವೆಲ್ಲ ಮನೆ ಕಟ್ಟುವ ಕಡೆ ತಿರುಗಿತು.

ಆ ಮನೆಗಳನ್ನು ನೋಡಿದ ಕೂಡಲೇ ನನಗೆ ನೆನಪಾದದ್ದು ನಮ್ಮ ಹಳೆಯ ಬೆಂಗಳೂರು, ಮೈಸೂರಿನ ವಠಾರ. ಹೊರಗೆ ಒಂದೇ ಎತ್ತರದ ಗೋಡೆ, ಒಳಗೆ ಹಲವು ಸಂಸಾರ, ನಡುನಡುವೆ ಅಂಗಳ, ಅಂಗಳದಲ್ಲಿ ಒಂದು ಸಣ್ಣ ಪೂಜೆಯ ಕಟ್ಟೆ, ನೀರು ಹೋಗಲು ನೆಲದಡಿ ಚರಂಡಿ. ಒಂದೊಂದರಲ್ಲೂ ಅರವತ್ತರಿಂದ ನೂರು ಜನ. 1960ರ ದಶಕದಲ್ಲಿ ಪುರಾತತ್ವಜ್ಞ ರೆನೆ ಮಿಲ್ಲನ್ ತಂಡ ಇಡೀ ಊರಿನ ನಕ್ಷೆ ಬರೆದಾಗ ಇಂಥವು ಸುಮಾರು ಎರಡು ಸಾವಿರ ಸಿಕ್ಕವು. ಊರಿನ ವಿಸ್ತಾರ ಸುಮಾರು 20 ಚದರ ಕಿಲೋಮೀಟರ್, ಜನ ಲಕ್ಷದ ಆಸುಪಾಸು. ಆ ಕಾಲಕ್ಕೆ ಪ್ರಪಂಚದಲ್ಲೇ ದೊಡ್ಡ ಊರುಗಳಲ್ಲಿ ಒಂದು. ದೂರದ ವಾಹಾಕಾ ಕಡೆಯಿಂದ ಬಂದವರದೇ ಒಂದು ಕೇರಿ ಇತ್ತು. ಅವರು ತಲೆಮಾರುಗಳವರೆಗೂ ತಮ್ಮ ಊರಿನ ರೀತಿಯಲ್ಲೇ ಸತ್ತವರನ್ನು ಹೂಳುತ್ತಿದ್ದರು.

ಗೋಡೆಗಳಿಗೆ ನಯವಾದ ಗಾರೆ, ಅದರ ಮೇಲೆ ಬಣ್ಣದ ಚಿತ್ರ. ಇದನ್ನು ನೋಡಲು ತೆಪಾಂತಿತ್ಲಾಗೆ ಹೋಗಿ. ಸೂರ್ಯ ಪಿರಮಿಡ್‌ನ ಹಿಂದೆ, ನಡೆದೇ ಹೋಗಬಹುದು. ಒಂದು ಗೋಡೆಯಲ್ಲಿ ಬೆಟ್ಟದಿಂದ ನೀರು ಹರಿಯುತ್ತಿದೆ. ಸುತ್ತ ಬೆರಳುದ್ದದ ಜನ, ಎಷ್ಟೊಂದು ಜನ! ಒಬ್ಬ ಈಜುತ್ತಿದ್ದಾನೆ. ಇಬ್ಬರು ಕೋಲಿನಿಂದ ಚೆಂಡು ಹೊಡೆಯುತ್ತಿದ್ದಾರೆ. ಯಾರೋ ಚಿಟ್ಟೆಯ ಹಿಂದೆ ಓಡುತ್ತಿದ್ದಾರೆ. ಒಬ್ಬ ಕೈಯಲ್ಲಿ ಕೊಂಬೆ ಹಿಡಿದು ಅಳುತ್ತಾ ನಿಂತಿದ್ದಾನೆ, ಕಣ್ಣೀರು ದೊಡ್ಡ ಹನಿಯಾಗಿ ಬೀಳುತ್ತಿದೆ. ಕೆಲವರ ಬಾಯಿಂದ ಸುರುಳಿ ಹೊರಡುತ್ತದೆ, ಅದು ಮಾತು ಅಥವಾ ಹಾಡು. ಇದು ಮಳೆ ದೇವರ ಸ್ವರ್ಗ ಎಂದು ಅಲ್ಫೊನ್ಸೊ ಕಾಸೊ ಎಂಬ ಪಂಡಿತರು ಹೇಳಿದರು. ಆಮೇಲೆ ಬಂದವರು ಹಲವರು ಒಪ್ಪಲಿಲ್ಲ. ನನಗಂತೂ ಅದು ಸಂಜೆ ಹೊತ್ತಿನ ಮೈದಾನದ ಹಾಗೆ ಕಂಡಿತು. ಅದರ ಮುಂದೆ ನಾನು ಕಳೆದಷ್ಟು ಹೊತ್ತು ಯಾವ ಪಿರಮಿಡ್ ಮುಂದೆಯೂ ಕಳೆಯಲಿಲ್ಲ.

ಕಾಲಲ್ಲಿ ಇನ್ನೂ ಕಸುವಿದ್ದರೆ ಪಶ್ಚಿಮದ ಕಡೆ ತೆತಿತ್ಲಾ ಮತ್ತು ಅತೆತೆಲ್ಕೊ ಇವೆ. ಬೇಲಿಯ ಹೊರಗಿನ ರಸ್ತೆ ದಾಟಿ ಒಂದಷ್ಟು ನಡೆಯಬೇಕು, ಇಲ್ಲವೇ ಟ್ಯಾಕ್ಸಿ. ಅತೆತೆಲ್ಕೊದಲ್ಲಿ ಗರಿ ತೊಟ್ಟ ಕಾಯೊಟಿ (ತೋಳದ ಜಾತಿಯ ಪ್ರಾಣಿ), ಜಾಗ್ವಾರ್‌ಗಳು ಕೆಂಪು ಬಣ್ಣದಲ್ಲಿ ಮೆರವಣಿಗೆ ಹೊರಟಿವೆ. ಟಿಕೆಟ್ ಎಸೆಯಬೇಡಿ, ಅಲ್ಲೂ ಕೇಳುತ್ತಾರೆ. ಕೆಲವೊಮ್ಮೆ ಇವು ಮುಚ್ಚಿರುತ್ತವೆ, ಹೊರಡುವ ಮುಂಚೆ ಗೇಟ್‌ನಲ್ಲಿ ವಿಚಾರಿಸಿ.

ಸುಮಾರು 550ರಲ್ಲಿ ಊರಿಗೆ ಬೆಂಕಿ ಬಿತ್ತು. ಬೆಂಕಿಯ ಗುರುತು ಹೆಚ್ಚಾಗಿ ಸಿಗುವುದು ನಡುಬೀದಿಯ ಗುಡಿಗಳಲ್ಲಿ, ದೊಡ್ಡವರ ಕಟ್ಟಡಗಳಲ್ಲಿ. ವಠಾರಗಳು ಅಷ್ಟಾಗಿ ಸುಡಲಿಲ್ಲ. ಹಾಗಾಗಿ ಹೊರಗಿನ ಶತ್ರು ಬಂದದ್ದಲ್ಲ, ಊರಿನವರೇ ಸಿಟ್ಟಿಗೆದ್ದು ಸುಟ್ಟರು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ನಡುಬೀದಿಯಲ್ಲಿ ನಡೆಯುವಾಗ ಇದು ತಲೆಯಲ್ಲಿರಲಿ.

ಹೋಗುವುದು ಸುಲಭ. ಮೆಟ್ರೊದ 5ನೇ ಲೈನ್‌ನಲ್ಲಿ ಔತೊಬುಸೆಸ್ ದೆಲ್ ನೋರ್ತೆ ಸ್ಟೇಷನ್‌ನಲ್ಲಿ ಇಳಿಯಿರಿ, ಎದುರಿಗೇ ಬಸ್ ನಿಲ್ದಾಣ. ಬೋರ್ಡ್‌ನಲ್ಲಿ ‘ಪಿರಾಮಿದೆಸ್’ ಎಂದು ಇರುವ ಬಸ್ ಹತ್ತಿ. ತೆಯೋತಿಹುವಾಕಾನ್ ಎಂಬ ಹೆಸರಿನ ಈಗಿನ ಊರಿನೊಳಕ್ಕೆ ಹೋಗುವ ಬಸ್ ಕೂಡ ಇರುತ್ತದೆ, ಕೇಳಿಯೇ ಹತ್ತಿ. ಸುಮಾರು 50 ಕಿಲೋಮೀಟರ್, ಒಂದು ಗಂಟೆ ದಾರಿ. ಊಬರ್‌ನಲ್ಲಿ ಹೋಗುವುದು ಸಲೀಸು, ವಾಪಸ್ ಬರಲು ಸಿಗುವುದು ಕಷ್ಟ. ಬೆಳಿಗ್ಗೆ ತೆರೆಯುವ ಹೊತ್ತಿಗೇ ಅಲ್ಲಿರಿ, ಹನ್ನೊಂದರ ಮೇಲೆ ಟೂರ್ ಬಸ್‌ಗಳು ಬಂದು ತುಂಬಿಕೊಳ್ಳುತ್ತವೆ. ಬೆಳಗಿನ ಹೊತ್ತು ಆಕಾಶದ ತುಂಬ ಬಿಸಿಗಾಳಿ ಬಲೂನ್ ಹಾರುತ್ತಿರುತ್ತವೆ. ಆಸೆಯಾಗಬಹುದು. 2023ರ ಏಪ್ರಿಲ್‌ನಲ್ಲಿ ಅಲ್ಲಿ ಒಂದು ಬಲೂನಿಗೆ ಬೆಂಕಿ ಬಿದ್ದು ಇಬ್ಬರು ಸತ್ತರು, ಗೊತ್ತಿರಲಿ. ನಾನು ಹತ್ತಲಿಲ್ಲ.

ವೀಸಾ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವಧಿ ಮುಗಿಯದ ಅಮೆರಿಕ ವೀಸಾ ಪಾಸ್‌ಪೋರ್ಟ್‌ನಲ್ಲಿ ಇದ್ದರೆ ಭಾರತೀಯರಿಗೆ ಮೆಕ್ಸಿಕೊ ವೀಸಾ ಬೇರೆ ಬೇಕಿಲ್ಲ.

ಬಿಸಿಲಿನ ಬಗ್ಗೆ ಎಚ್ಚರ. ನಮ್ಮ ಮುಳ್ಳಯ್ಯನಗಿರಿಯ ತುದಿ 1930 ಮೀಟರ್, ಇಲ್ಲಿ ನೆಲವೇ ಸುಮಾರು 2300 ಮೀಟರ್. ಗಾಳಿ ತಣ್ಣಗಿರುತ್ತದೆ, ಹಾಗಾಗಿ ಸುಡುತ್ತಿರುವುದು ಗೊತ್ತಾಗುವುದಿಲ್ಲ. ಒಂದು ಮರದ ನೆರಳೂ ಸಿಗುವುದು ಕಷ್ಟ. ಟೋಪಿ, ನೀರು ಇರಲಿ. ನಾಲ್ಕು ಹೆಜ್ಜೆ ಜೋರಾಗಿ ಹಾಕಿದರೆ ಏದುಸಿರು ಬರುತ್ತದೆ, ಗಾಬರಿಯಾಗಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಮಳೆ ಬರುವುದು ಹೆಚ್ಚು.

ದಾರಿಯುದ್ದಕ್ಕೂ ಮಾರುವವರು ಇರುತ್ತಾರೆ. ಹಿಂದಿನಿಂದ ಇದ್ದಕ್ಕಿದ್ದಂತೆ ಜಾಗ್ವಾರ್ ಗರ್ಜನೆ ಕೇಳಿದರೆ ಬೆಚ್ಚಬೇಡಿ, ಅದು ಮಣ್ಣಿನ ಪೀಪಿ. ಕೊಳ್ಳುವುದಾದರೆ ಅಬ್ಸಿಡಿಯನ್ ಕೊಳ್ಳಿ. ಜ್ವಾಲಾಮುಖಿಯ ಈ ಕಪ್ಪು ಗಾಜಿನಿಂದಲೇ ಆ ಊರು ಚಾಕು, ಈಟಿಯ ಮೊನೆ ಮಾಡಿ ದೂರದೂರಕ್ಕೆ ಮಾರುತ್ತಿತ್ತು. ಪಾಚುಕಾ ಹತ್ತಿರ ಸಿಗುವ ಹಸಿರು ಛಾಯೆಯದು ಆಗ ಬಹಳ ಬೆಲೆಯದು. ಬಿಸಿಲಿಗೆ ಹಿಡಿದರೆ ಹಸಿರು ಕಾಣುತ್ತದೆ. ಚಾಕಿನಂತೆ ಚೂಪಾದದ್ದು ಕೊಂಡರೆ ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ.

ಊಟಕ್ಕೆ ನೀವು ಹೆದರಬೇಕಿಲ್ಲ. ಗೇಟ್‌ಗಳ ಹೊರಗೆ ಸಣ್ಣ ಅಂಗಡಿಗಳಿವೆ. ನೀಲಿ ಮೆಕ್ಕೆಜೋಳದ ಹಿಟ್ಟಿನೊಳಗೆ ಕಾಳು ತುಂಬಿ ಕಾವಲಿಯಲ್ಲಿ ಬೇಯಿಸುವ ತ್ಲಾಕೊಯೊ ಕೇಳಿ. ಮೇಲೆ ನೊಪಾಲೆಸ್, ಅಂದರೆ ಪಾಪಾಸುಕಳ್ಳಿಯ ಪಲ್ಯ ಹಾಕಿಸಿಕೊಳ್ಳಿ. ಕುಂಬಳದ ಹೂವು ತುಂಬಿದ ಕೆಸಾದಿಯಾ ಕೂಡ ರುಚಿ. ಒಂದು ಎಚ್ಚರ: ಕಾಳನ್ನು ಹಲವು ಕಡೆ ಹಂದಿಯ ಕೊಬ್ಬಿನಲ್ಲಿ ಬೇಯಿಸುತ್ತಾರೆ. ‘ಸಿನ್ ಕಾರ್ನೆ, ಸಿನ್ ಮಾಂತೇಕಾ’ (ಮಾಂಸ ಬೇಡ, ಕೊಬ್ಬು ಬೇಡ) ಎಂದು ಬಾಯಿಪಾಠ ಮಾಡಿಕೊಳ್ಳಿ. ಬರೀ ಮಾಂಸ ಬೇಡ ಎಂದರೆ ಕೊಬ್ಬು ಬಂದೇ ಬರುತ್ತದೆ. ಸಿಹಿಗೆ ಅಲೆಗ್ರಿಯಾ ತಿನ್ನಿ. ಅದು ರಾಜಗಿರಿ ಕಾಳಿನ ಚಿಕ್ಕಿಯೇ. ನಮ್ಮವರು ಉಪವಾಸದ ದಿನ ತಿನ್ನುವ ರಾಜಗಿರಿ ಮೂಲತಃ ಆ ಕಡೆಯದು.

ಸಂಜೆ ಐದಕ್ಕೆ ಒಳಗಿನಿಂದ ಎಲ್ಲರನ್ನೂ ಹೊರಡಿಸುತ್ತಾರೆ. ಮರುದಿನ ಕೆಲಸ ಬೇಗ ಮುಗಿದರೆ ನಗರದ ಚಾಪುಲ್ತೆಪೆಕ್‌ನಲ್ಲಿರುವ ಮಾನವಶಾಸ್ತ್ರ ಮ್ಯೂಸಿಯಂಗೆ ಹೋಗಿ. ತೆಯೋತಿಹುವಾಕಾನ್ ಕೋಣೆಯಲ್ಲಿ ಗರಿಹಾವಿನ ಗುಡಿಯ ಮುಖವನ್ನು ಪೂರ್ಣ ಅಳತೆಯಲ್ಲಿ, ಮೂಲದ ಕೆಂಪು, ಹಸಿರು ಬಣ್ಣದೊಂದಿಗೆ ಮಾಡಿ ನಿಲ್ಲಿಸಿದ್ದಾರೆ. ಬೂದುಬಣ್ಣದ ಕಲ್ಲು ನೋಡಿ ಬಂದವರಿಗೆ ಅದು ಒಳ್ಳೆಯ ಆಘಾತ. ಸೋಮವಾರ ಮಾತ್ರ ಮ್ಯೂಸಿಯಂಗೆ ರಜೆ. ಅದನ್ನು ನೋಡಿಕೊಂಡು ನಿಮ್ಮ ಬಿಡುವಿನ ದಿನ ಇಟ್ಟುಕೊಳ್ಳಿ.